ಮೂತಿಯ ಮೇಲೆ ಫಿರಂಗಿ, ಕಿಟಕಿಗೆ ಪರದೆ

ಪ್ರಶ್ನೆ: ನಾನು ಕುಂದಾಪುರದ ಕಡೆಯವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಫೋಟೋ ಕಾರ್ಡು ಸಿಕ್ಕಿತು. ಅದರಲ್ಲಿರುವುದು ನಮ್ಮ ಮಲ್ಪೆಯ ಟ್ರಾಲರ್ ಬೋಟಿನಷ್ಟೇ ಉದ್ದದ, ಆದರೆ ತೆಳ್ಳಗಿನ ಮರದ ಮೋಟಾರ್ ಬೋಟು. ಕ್ಯಾಬಿನ್ ಕಿಟಕಿಗೆ ಪರದೆ ಇದೆ. ಮೂತಿಯ ಮೇಲೆ ಮಾತ್ರ ಸಣ್ಣ ಫಿರಂಗಿ! ಬದಿಯಲ್ಲಿ ‘ಎಸ್.ಪಿ.’ ಎಂದು ಬರೆದು ಒಂದು ನಂಬರು, ಅದರ ಕೊನೆಯ ಅಂಕಿ ಅಳಿಸಿದೆ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ 1917 ಎಂದಿದೆ. ಇದು ಪೊಲೀಸ್ ಬೋಟಾ? ಸರ್ಕಾರ ಯಾರದೋ ಬೋಟನ್ನು ಕಿತ್ತುಕೊಂಡದ್ದಾ? ಇಷ್ಟು ಸಣ್ಣ ಬೋಟು ಯುದ್ಧದಲ್ಲಿ ಏನು ಕೆಲಸಕ್ಕೆ ಬಂತು? ನಮ್ಮ ದೇಶದಲ್ಲೂ ಹೀಗೆ ಆಗಿತ್ತಾ?

ಉತ್ತರ: ಒಳ್ಳೆಯ ಫೋಟೋ ಸಿಕ್ಕಿದೆ ನಿಮಗೆ. ಆ ಪರದೆಯೇ ಅರ್ಧ ಕಥೆ ಹೇಳುತ್ತದೆ.

ಇದು ಪೊಲೀಸ್ ಬೋಟಲ್ಲ. ‘ಎಸ್.ಪಿ.’ ಅಂದರೆ ‘ಸೆಕ್ಷನ್ ಪಟ್ರೋಲ್’. ಇಂಜಿನ್ನಿಗೆ ಹಾಕುವ ಪೆಟ್ರೋಲ್ ಅಲ್ಲ, ಗಸ್ತು. ಅಮೆರಿಕದ ನೌಕಾಪಡೆ ತನ್ನ ಕರಾವಳಿಯನ್ನು ಜಿಲ್ಲೆಗಳಾಗಿ ಹಂಚಿ, ಒಂದೊಂದು ಜಿಲ್ಲೆಯನ್ನೂ ಸೆಕ್ಷನ್‌ಗಳಾಗಿ ಒಡೆದಿತ್ತು. ಪೊಲೀಸ್ ಠಾಣೆಯವರು ಊರನ್ನು ಬೀಟ್‌ಗಳಾಗಿ ಹಂಚಿಕೊಳ್ಳುವ ಹಾಗೆ. ಒಂದು ಬಂದರು, ಒಂದು ಅಳಿವೆ, ಒಂದಿಷ್ಟು ಮೈಲಿ ದಡ, ಇಷ್ಟನ್ನು ನೋಡಿಕೊಳ್ಳುವ ಬೋಟಿಗೆ ಎಸ್.ಪಿ. ನಂಬರು. ಮೊದಲ ಮಹಾಯುದ್ಧದ ಹೊತ್ತಿಗೆ ಇಂಥ ನಂಬರುಗಳನ್ನು ಸಾವಿರಗಟ್ಟಲೆ ಕೊಟ್ಟಿದ್ದರು. ಹಾಗಂತ ಅಷ್ಟೂ ಬೋಟುಗಳು ಗಸ್ತು ತಿರುಗಿದವು ಎಂದಲ್ಲ. ಎಷ್ಟೋ ಬೋಟುಗಳನ್ನು ಸುಮ್ನೆ ಪಟ್ಟಿಗೆ ಸೇರಿಸಿ, ಬೇಕಾದರೆ ಕರೆಯೋಣ ಎಂದು ಬಿಟ್ಟಿದ್ದರು. ನಿಮ್ಮ ಫೋಟೋದ್ದು ಕೆಲಸ ಮಾಡಿದ ಬೋಟು. ಕೆಲಸಕ್ಕೆ ತೆಗೆದುಕೊಳ್ಳದ ಬೋಟಿಗೆ ಯಾರೂ ಫಿರಂಗಿ ಕೂರಿಸುವುದಿಲ್ಲ.

ಇದರ ಹಿಂದೆ ಒಂದು ದಿಗಿಲು ಇತ್ತು. 1916ರ ಅಕ್ಟೋಬರ್ 7ರಂದು ಯು-53 ಎಂಬ ಜರ್ಮನ್ ಸಬ್‌ಮರೀನ್ ರೋಡ್ ಐಲೆಂಡ್‌ನ ನ್ಯೂಪೋರ್ಟ್ ಬಂದರಿಗೆ ನೆಂಟರ ಮನೆಗೆ ಬಂದಂತೆ ಬಂತು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಸಬ್‌ಮರೀನಿನ ಕ್ಯಾಪ್ಟನ್ ಹಾನ್ಸ್ ರೋಸ್ ಮರ್ಯಾದೆಯ ಭೇಟಿಗಳನ್ನು ಮುಗಿಸಿ ಅವತ್ತೇ ಹೊರಟುಹೋದ. ಮಾರನೇ ದಿನ ನ್ಯಾಂಟಕೆಟ್ ದೀಪನೌಕೆಯ ಹತ್ತಿರ ಐದು ಹಡಗುಗಳನ್ನು ಮುಳುಗಿಸಿದ. ಅಮೆರಿಕದ ಡಿಸ್ಟ್ರಾಯರ್‌ಗಳಿಗೆ, ಅಂದರೆ ವೇಗದ ಯುದ್ಧನೌಕೆಗಳಿಗೆ, ನೋಡುತ್ತ ನಿಂತು, ಆಮೇಲೆ ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವುದೊಂದೇ ಉಳಿದಿದ್ದು. ಅಟ್ಲಾಂಟಿಕ್ ದಾಟಿ ಸಬ್‌ಮರೀನ್ ಬರಬಹುದು ಎಂಬುದು ಅಲ್ಲಿಯವರೆಗೆ ಪತ್ರಿಕೆಯ ಮಾತಾಗಿತ್ತು. ಈಗ ಕಣ್ಣೆದುರೇ ಬಂದು ಹೋಗಿತ್ತು.

ಕಾಯೋಣ ಎಂದರೆ ಹಡಗು ಸಾಲದು. ಡಿಸ್ಟ್ರಾಯರ್‌ಗಳನ್ನು ಒಂದೊಂದು ಅಳಿವೆಯ ಬಾಯಲ್ಲಿ ನಿಲ್ಲಿಸಲಾಗುತ್ತದೆಯೇ? ಅದೇ ಹೊತ್ತಿಗೆ ಬಾಸ್ಟನ್, ನ್ಯೂಯಾರ್ಕ್ ಕಡೆಯ ಹಣವಂತರ ಹತ್ತಿರ ಪೆಟ್ರೋಲ್ ಇಂಜಿನ್ನಿನ ವೇಗದ ಬೋಟುಗಳು ಬೇಕಾದಷ್ಟಿದ್ದವು. 1916ರ ಆಗಸ್ಟ್ 29ರ ಕಾಯ್ದೆ ನೌಕಾ ಮೀಸಲು ಪಡೆಯೊಂದನ್ನು ಹುಟ್ಟುಹಾಕಿತು. ಅದರಲ್ಲಿ ಕರಾವಳಿ ರಕ್ಷಣೆಗೆಂದೇ ಒಂದು ವರ್ಗವಿತ್ತು. ಬೋಟು ಓಡಿಸಲು ಬರುವ ಸಾಮಾನ್ಯ ಜನ ಅದಕ್ಕೆ ಹೆಸರು ಕೊಡಬಹುದಿತ್ತು. ಆಗ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್, ಮುಂದೆ ಅಧ್ಯಕ್ಷರಾದವರೇ. ಅವರಿಗೆ ಸಣ್ಣ ಬೋಟುಗಳ ಹುಚ್ಚು ಜಾಸ್ತಿ, ಈ ಯೋಜನೆಗೆ ಒಳ್ಳೆ ತಿದಿ ಒತ್ತಿದರು.

ಇಲ್ಲೇ ನಿಮ್ಮ ‘ಕಿತ್ತುಕೊಂಡದ್ದಾ?’ ಎಂಬ ಪ್ರಶ್ನೆಗೆ ಉತ್ತರವಿದೆ. ಜಾಸ್ತಿ ಬೋಟುಗಳನ್ನು ಕಿತ್ತುಕೊಳ್ಳಲಿಲ್ಲ. ಮಾಲೀಕರೇ ಕೊಟ್ಟರು. ಕೆಲವರು ಮಾರಿದರು, ಕೆಲವರು ಬಾಡಿಗೆಗೆ ಬಿಟ್ಟರು, ಎಷ್ಟೋ ಮಂದಿ ಪುಕ್ಕಟೆಯಾಗಿ ಅಥವಾ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಕೊಟ್ಟರು. ಒಂದು ಡಾಲರ್ ಯಾಕೆ ಎಂದರೆ, ಕಾಗದದ ಮೇಲೆ ಕರಾರು ಅನ್ನಿಸಿಕೊಳ್ಳಬೇಕಲ್ಲ, ಅದಕ್ಕೆ. ಇನ್ನೂ ಮುಂದೆ ಹೋದವರಿದ್ದರು. ‘ಹೇಗೂ ಹೊಸ ಬೋಟು ಕಟ್ಟಿಸುತ್ತೇನೆ, ಯುದ್ಧ ಬಂದರೆ ನೌಕಾಪಡೆಗೆ ಹೊಂದುವ ಹಾಗೆ ಕಟ್ಟಿಸೋಣ’ ಎಂದು ನಕ್ಷೆಯಲ್ಲೇ ಫಿರಂಗಿಗೆ ಜಾಗ ಬಿಡಿಸಿದವರು. ರೋಡ್ ಐಲೆಂಡ್‌ನ ಬ್ರಿಸ್ಟಲ್‌ನಲ್ಲಿದ್ದ ಹೆರ್ರೆಷಾಫ್ ಕಾರ್ಖಾನೆ ಇಂಥ ಬೋಟುಗಳ ಒಂದು ಸಾಲನ್ನೇ ಕಟ್ಟಿತು. ಹೆಸರು ಮಾತ್ರ ಮಾಲೀಕರ ಇಷ್ಟ. ಹಾಗಾಗಿ ಅಮೆರಿಕದ ನೌಕಾಪಡೆಯ ದಾಖಲೆಯಲ್ಲಿ ಇವತ್ತಿಗೂ ‘ಕಾಂಗರೂ’ ಎಂಬ ಗಸ್ತು ಬೋಟಿದೆ, ‘ವಾರ್ ಬಗ್’ ಎಂಬುದೂ ಇದೆ. ಯುದ್ಧದ ಹುಳ! ಹೆಸರಿಟ್ಟವರಿಗೆ ಒಳ್ಳೆ ತಮಾಷೆಯ ಬುದ್ಧಿ ಇದ್ದಿರಬೇಕು.

ಬೋಟು ಕೊಟ್ಟ ಮಾಲೀಕನಿಗೆ, ಅವನ ಇಂಜಿನ್ ಆಳಿಗೆ ಸಮವಸ್ತ್ರ ಯಾಕೆ ಹಾಕಿಸಿದರು ಗೊತ್ತಾ? ಇದು ಸುಮ್ನೆ ಶಿಸ್ತಿನ ಮಾತಲ್ಲ, ಪ್ರಾಣದ ಮಾತು. ಖಾಸಗಿ ಹಡಗಿಗೆ ಲೈಸನ್ಸ್ ಕೊಟ್ಟು ಶತ್ರುವನ್ನು ದೋಚಲು ಬಿಡುವ ಹಳೆ ಪದ್ಧತಿಯನ್ನು 1856ರ ಪ್ಯಾರಿಸ್ ಘೋಷಣೆ ನಿಲ್ಲಿಸಿತ್ತು. 1907ರ ಹೇಗ್ ಒಪ್ಪಂದ ಇನ್ನೂ ಸ್ಪಷ್ಟವಾಗಿ ಹೇಳಿತು: ವ್ಯಾಪಾರದ ಹಡಗನ್ನು ಯುದ್ಧನೌಕೆ ಮಾಡುವುದಾದರೆ ಅದು ನೇರ ಸರ್ಕಾರದ ಕೈಕೆಳಗಿರಬೇಕು, ಹೊರಗಿನಿಂದ ಗುರುತು ಕಾಣಬೇಕು, ನಾಯಕ ಸರ್ಕಾರ ನೇಮಿಸಿದ ಅಧಿಕಾರಿಯಾಗಿರಬೇಕು, ಸಿಬ್ಬಂದಿ ಸೈನ್ಯದ ಶಿಸ್ತಿಗೆ ಒಳಪಟ್ಟಿರಬೇಕು. ಇಲ್ಲದಿದ್ದರೆ ಸಿಕ್ಕಿಬಿದ್ದವನು ಯುದ್ಧಕೈದಿಯಲ್ಲ, ಬರೀ ಅಪರಾಧಿ. ಬ್ರಿಟನ್ನಿನ ಚಾರ್ಲ್ಸ್ ಫ್ರಯಾಟ್ ಎಂಬ ಕ್ಯಾಪ್ಟನ್‌ಗೆ ಆದದ್ದು ಇದೇ. ‘ಬ್ರಸೆಲ್ಸ್’ ಎಂಬ ಪ್ರಯಾಣಿಕರ ಹಡಗಿನಲ್ಲಿದ್ದಾಗ, 1915ರ ಮಾರ್ಚ್‌ನಲ್ಲಿ, ತನ್ನ ಮೇಲೆ ಬಂದ ಸಬ್‌ಮರೀನಿಗೆ ಹಡಗನ್ನೇ ನುಗ್ಗಿಸಲು ಹೋಗಿ ಆತ ಬಚಾವಾದ. ಮರುವರ್ಷ ಜರ್ಮನ್ನರ ಕೈಗೆ ಸಿಕ್ಕ. ಸಮವಸ್ತ್ರವಿಲ್ಲದ ನಾಗರಿಕ ಯುದ್ಧ ಮಾಡಿದ್ದಾನೆಂದು ವಿಚಾರಣೆ ನಡೆಸಿ, 1916ರ ಜುಲೈ 27ರಂದು ಗುಂಡಿಟ್ಟು ಕೊಂದರು. ನಿಮ್ಮ ಫೋಟೋದ ಬೋಟಿನ ಬದಿಯಲ್ಲಿ ಅಷ್ಟು ದಪ್ಪಕ್ಷರದಲ್ಲಿ ನಂಬರು ಬರೆದದ್ದು ಲೆಕ್ಕಕ್ಕೆ ಹೌದು, ಆದರೆ ಬರೀ ಲೆಕ್ಕಕ್ಕಲ್ಲ.

ಈಗ ಬೋಟನ್ನು ಬದಲಾಯಿಸಿದ ಬಗೆ. ಹೊರಗಿನಿಂದ ನೋಡಿದರೆ ಸುಲಭ: ವಾರ್ನಿಶ್ ಹೊಳಪಿನ ಮೇಲೆ ಬೂದು ಬಣ್ಣ ಬಳಿ, ಒಳಗಿನ ಸೋಫಾ ತೆಗೆ, ಬಂಕು ಜೋಡಿಸು, ಫಿರಂಗಿ ಕೂರಿಸು. ತೊಂದರೆ ಶುರುವಾಗುವುದು ಆ ಫಿರಂಗಿಯಿಂದಲೇ. ಈ ಬೋಟುಗಳಿಗೆ ಸಾಮಾನ್ಯವಾಗಿ ಹಾಕುತ್ತಿದ್ದದ್ದು ಒಂದು ಪೌಂಡಿನ ಅಥವಾ ಮೂರು ಪೌಂಡಿನ ಗುಂಡು ಹಾರಿಸುವ ತುಪಾಕಿ, ಅಂದರೆ ನಳಿಗೆಯ ಬಾಯಿ 37 ಅಥವಾ 47 ಮಿಲಿಮೀಟರ್. ಜತೆಗೆ ಒಂದೆರಡು ಮಷಿನ್ ಗನ್. ಕೇಳಲು ಸಣ್ಣದು. ಆದರೆ ಮೋಜಿನ ಬೋಟಿನ ಡೆಕ್ ಹಲಗೆ ಮನುಷ್ಯ ನಡೆದಾಡಲು ಮಾಡಿದ್ದು, ಗುಂಡಿನ ಒದೆತ ತಡೆಯಲು ಅಲ್ಲ. ಅಡಿಯಿಂದ ಕಂಬ ಕೊಟ್ಟು, ಅಡ್ಡ ತೊಲೆ ಹಾಕಿ, ಭಾರ ಬೋಟಿನ ಪಕ್ಕೆಲುಬುಗಳಿಗೆ ಹಂಚುವ ಹಾಗೆ ಮಾಡಬೇಕು. ಇಲ್ಲದಿದ್ದರೆ ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಹಲಗೆ ಸಂದು ಬಿಟ್ಟು ನೀರು ಜಿನುಗುತ್ತದೆ.

ಆಮೇಲೆ ಭಾರದ ಲೆಕ್ಕ. ಮಲ್ಪೆ ಧಕ್ಕೆಯಲ್ಲಿ ಐಸ್ ತುಂಬುವುದನ್ನು ನೀವು ನೋಡಿರುತ್ತೀರಿ. ಬೋಟು ನಡೆಸುವ ತಾಂಡೇಲ ಅನುಭವಸ್ಥನಾಗಿದ್ದರೆ ಐಸ್ ಎಲ್ಲಿ ಎಷ್ಟು ಬೀಳಬೇಕೆಂದು ನಿಂತು ನೋಡುತ್ತಾನೆ. ಮೂತಿ ಕಡೆ ಭಾರ ಜಾಸ್ತಿಯಾದರೆ ಬೋಟು ಅಲೆ ಏರುವುದಿಲ್ಲ, ಅಲೆಯೊಳಗೆ ಮೂಗು ತೂರಿಸುತ್ತದೆ. ಮೇಲಗಡೆ ಭಾರ ಜಾಸ್ತಿಯಾದರೆ ಒಮ್ಮೆ ಮಗ್ಗುಲಾದದ್ದು ಎದ್ದೇಳಲು ಹೊತ್ತು ಹಿಡಿಯುತ್ತದೆ. ಮೋಜಿನ ಬೋಟಿಗೆ ಈ ಎರಡೂ ಒಟ್ಟಿಗೆ ಬಂದವು. ಮೂತಿಯಲ್ಲಿ ತುಪಾಕಿ, ಮಾಡಿನ ಮೇಲೆ ಸರ್ಚ್‌ಲೈಟ್, ವೈರ್‌ಲೆಸ್ಸಿನ ಕಂಬ, ಒಳಗೆ ಅದರ ಬ್ಯಾಟರಿ, ಮದ್ದುಗುಂಡಿನ ಪೆಟ್ಟಿಗೆ. ಇದರ ಮೇಲೆ, ಭಾನುವಾರ ನಾಲ್ಕು ಜನ ಕೂತು ಹೋಗುತ್ತಿದ್ದ ಬೋಟಿನಲ್ಲಿ ಎಂಟು ಹತ್ತು ಜನ ವಾರಗಟ್ಟಲೆ ಉಂಡು ಮಲಗಬೇಕು. ಅವರ ನೀರು, ಅಕ್ಕಿ ಬೇಳೆ (ಅವರ ಲೆಕ್ಕದಲ್ಲಿ ಬ್ರೆಡ್ಡು, ಬೀನ್ಸು ಅನ್ನಿ). ಮಾಲೀಕ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ವೇಗ ಅಲ್ಲಿಗೆ ಮುಗಿಯಿತು.

ವೇಗ ಹೋದರೆ ಇನ್ನೊಂದು ಸಂಕಟ. ಸಬ್‌ಮರೀನಿನ ಮೇಲೆ ನೀರೊಳಗೆ ಬಿಡುವ ಸಿಡಿಡಬ್ಬಿಗೆ ಡೆಪ್ತ್ ಚಾರ್ಜ್ ಎನ್ನುತ್ತಾರೆ. ಅದು ನಿಗದಿತ ಆಳ ಮುಟ್ಟಿ ಸಿಡಿಯುವಷ್ಟರಲ್ಲಿ ಬೋಟು ಅಲ್ಲಿಂದ ದೂರ ಓಡಿರಬೇಕು. ಬ್ರಿಟಿಷರ ದೊಡ್ಡ ಡೆಪ್ತ್ ಚಾರ್ಜ್‌ನಲ್ಲಿ 300 ಪೌಂಡ್, ಅಂದರೆ ಸುಮಾರು 136 ಕಿಲೊ ಸ್ಫೋಟಕ ಇರುತ್ತಿತ್ತು. ಓಡಲಾರದ ಹಡಗು ಅದನ್ನು ಬಿಟ್ಟರೆ ತನ್ನ ಹಿಂಬದಿಯನ್ನೇ ಒಡೆದುಕೊಳ್ಳುತ್ತದೆ. ಅದಕ್ಕೇ ನಿಧಾನದ ಹಡಗುಗಳಿಗೆ 120 ಪೌಂಡಿನ ಸಣ್ಣದೊಂದನ್ನು ಬೇರೆಯೇ ಮಾಡಬೇಕಾಯಿತು. ಸಣ್ಣ ಡಬ್ಬಿ ಸಬ್‌ಮರೀನಿನ ತೀರಾ ಹತ್ತಿರ ಸಿಡಿದರೆ ಮಾತ್ರ ಉಪಯೋಗ. ಸಬ್‌ಮರೀನ್ ಎಲ್ಲಿದೆ ಎಂದು ಸರಿಯಾಗಿ ತಿಳಿಯುವ ಸಲಕರಣೆ ಆಗ ಯಾರ ಹತ್ತಿರವೂ ಇರಲಿಲ್ಲ. ಲೆಕ್ಕ ನೀವೇ ಹಾಕಿ.

ಪೆಟ್ರೋಲಿನ ಅಪಾಯ ಬೇರೆ. ಡೀಸೆಲ್ ಚೆಲ್ಲಿದರೆ ಒರೆಸಬಹುದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಮೇಲೆ ಮದ್ದುಗುಂಡು ಇಟ್ಟುಕೊಂಡು ಕೆಳಗೆ ಪೆಟ್ರೋಲ್ ಇಟ್ಟುಕೊಂಡ ಮರದ ಬೋಟಿನಲ್ಲಿ ಚಳಿಗಾಲದ ರಾತ್ರಿ ಸ್ಟೋವ್ ಹಚ್ಚಿ ಕಾಫಿ ಮಾಡುವವನ ಧೈರ್ಯ ದೊಡ್ಡದು.

ಹಾಗಾದರೆ ಇವು ಮಾಡಿದ ಕೆಲಸವೇನು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಫಿರಂಗಿ ಫೋಟೋಕ್ಕೆ ಚೆಂದ, ಕೆಲಸ ಮಾಡಿದ್ದು ಕಣ್ಣು. ಬಂದರಿನ ಬಾಯಿಗೆ ಹಾಕಿದ ಸಬ್‌ಮರೀನ್ ತಡೆಯುವ ಬಲೆಯನ್ನು ಕಾಯುವುದು, ಯಾವ ಹಡಗು ಬಂತು ಯಾವುದು ಹೋಯಿತು ಎಂದು ಬರೆದುಕೊಳ್ಳುವುದು, ಮೀನಿನ ದೋಣಿಗಳ ಪಾಸ್ ನೋಡುವುದು, ಲಂಗರು ಹಾಕಬಾರದ ಜಾಗದಿಂದ ಎಬ್ಬಿಸುವುದು, ತೇಲಿ ಬಂದ ಸಮುದ್ರ ಮೈನ್ ಕಂಡರೆ ವೈರ್‌ಲೆಸ್‌ನಲ್ಲಿ ಹೇಳುವುದು, ಅಧಿಕಾರಿಗಳನ್ನೂ ಟಪಾಲನ್ನೂ ಹೊತ್ತು ತಿರುಗುವುದು. ಬೇಸರದ ಕೆಲಸ. ಆದರೆ ಇದನ್ನು ಈ ಬೋಟುಗಳು ಮಾಡದಿದ್ದರೆ ಡಿಸ್ಟ್ರಾಯರ್‌ಗಳು ಮಾಡಬೇಕಿತ್ತು. ಅವು ಅಟ್ಲಾಂಟಿಕ್ ಆಚೆ ಬೇಕಾಗಿದ್ದವು. 1918ರ ಬೇಸಿಗೆಯಲ್ಲಿ ಜರ್ಮನ್ ಸಬ್‌ಮರೀನ್‌ಗಳು ನಿಜವಾಗಿಯೂ ಅಮೆರಿಕದ ಕರೆಗೆ ಬಂದವು. ಯು-151 ಮೈನ್ ಬಿತ್ತಿತು, ಯು-156 ಜುಲೈ 21ರಂದು ಕೇಪ್ ಕಾಡ್‌ನ ಓರ್ಲಿಯನ್ಸ್ ಊರಿನೆದುರು ಒಂದು ಟಗ್ಗಿನ ಮೇಲೂ ಅದು ಎಳೆಯುತ್ತಿದ್ದ ದೋಣಿಗಳ ಮೇಲೂ ಗುಂಡು ಹಾರಿಸಿತು. ಮೋಜಿನ ಬೋಟುಗಳು ಅವನ್ನು ತಡೆದವು ಎಂದು ಹೇಳಿದರೆ ಸುಳ್ಳಾಗುತ್ತದೆ.

ಬ್ರಿಟಿಷರಿಗೆ ಈ ಪಾಠ ಮೊದಲೇ ಆಗಿತ್ತು. 1914ರಲ್ಲಿ ಯುದ್ಧ ಶುರುವಾದ ಕೂಡಲೇ ಅಲ್ಲಿನ ಬೋಟು ಮಾಲೀಕರು ತಮ್ಮ ಬೋಟುಗಳ ಸಮೇತ ಮೀಸಲು ಪಡೆಗೆ ಸೇರಿದರು. ಹುರುಪಿಗೆ ಕೊರತೆಯಿರಲಿಲ್ಲ. ಆದರೆ ಉತ್ತರ ಸಮುದ್ರದ ಚಳಿಗಾಲಕ್ಕೆ ಹುರುಪು ಸಾಕಾಗುವುದಿಲ್ಲ. ನದಿಯಲ್ಲಿ, ಶಾಂತವಾದ ಕೊಲ್ಲಿಯಲ್ಲಿ ಓಡುವ ಬೋಟು ಅಲ್ಲಿ ದಡದಲ್ಲೇ ಕೂರಬೇಕಾಯಿತು. ಕೊನೆಗೆ ಅವರು ಎಲ್ಕೊ ಎಂಬ ಅಮೆರಿಕದ ಕಂಪನಿಗೆ 550 ಮೋಟಾರ್ ಲಾಂಚುಗಳ ಆರ್ಡರ್ ಕೊಟ್ಟರು. ಹೆಚ್ಚಿನವು 80 ಅಡಿಯವು. ಅಮೆರಿಕ ಆಗ ತಟಸ್ಥವಾಗಿತ್ತಲ್ಲ, ಅದಕ್ಕೆ ಬಿಡಿಭಾಗಗಳನ್ನು ಕೆನಡಾಕ್ಕೆ ಸಾಗಿಸಿ ಅಲ್ಲಿ ಜೋಡಿಸಿದರು. 488 ದಿನದಲ್ಲಿ 550 ಬೋಟು! ಅಮೆರಿಕವೂ ಅದೇ ದಾರಿ ಹಿಡಿಯಿತು. 110 ಅಡಿಯ ಮರದ ‘ಸಬ್‌ಮರೀನ್ ಚೇಸರ್’ಗಳನ್ನು ಸುಮಾರು 440ರಷ್ಟು ಕಟ್ಟಿಸಿತು. ರೂಸ್‌ವೆಲ್ಟ್ ಅವರಿಗೆ 50 ಅಡಿಯವು ಸಾಕು ಅನ್ನಿಸಿತ್ತು. ಸಮುದ್ರ ಬಲ್ಲವರು ಒಪ್ಪಲಿಲ್ಲ, ಸದ್ಯ. ಅಂದರೆ ಖಾಸಗಿ ಬೋಟು ಏನಿದ್ದರೂ ತಾತ್ಕಾಲಿಕ ಏರ್ಪಾಡು, ಸರಿಯಾದ ಬೋಟು ಬರುವವರೆಗೆ ಜಾಗ ಹಿಡಿದುಕೊಂಡಿದ್ದ ಟವೆಲ್ಲು.

ದೊಡ್ಡ ಶ್ರೀಮಂತರ ದೊಡ್ಡ ಬೋಟುಗಳ ಪಾಡು ಬೇರೆ. ಅವನ್ನು ಫ್ರಾನ್ಸಿಗೇ ಕಳಿಸಿದರು, ಬ್ರೆಸ್ಟ್ ಬಂದರಿನಿಂದ ಹಡಗುಗಳ ಸಾಲಿಗೆ ಕಾವಲು ಹೋಗಲು. ಜೆ. ಪಿ. ಮಾರ್ಗನ್ ಮನೆತನದ ‘ಕೋರ್ಸೇರ್’ ಅದರಲ್ಲಿತ್ತು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ಅವರ ‘ಅಲ್ಸೇಡೊ’ ಕೂಡ ಇತ್ತು. 1917ರ ನವೆಂಬರ್ 5ರ ನಸುಕಿನಲ್ಲಿ ಯುಸಿ-71 ಎಂಬ ಸಬ್‌ಮರೀನ್ ಅಲ್ಸೇಡೊಗೆ ಟಾರ್ಪೆಡೊ ಹೊಡೆಯಿತು. ಕೆಲವೇ ನಿಮಿಷದಲ್ಲಿ ಮುಳುಗಿತು, 21 ಜನ ಸತ್ತರು. ಆ ಯುದ್ಧದಲ್ಲಿ ಸಬ್‌ಮರೀನಿಗೆ ಬಲಿಯಾದ ಅಮೆರಿಕದ ಮೊದಲ ಯುದ್ಧನೌಕೆ ಇದು, ಮೂಲತಃ ಒಬ್ಬ ಹಣವಂತನ ವಿಹಾರ ನೌಕೆ.

ಇನ್ನೊಂದು ಇಂಥದೇ ನೌಕೆ ‘ಕ್ರಿಸ್ಟಬೆಲ್’. 1918ರ ಮೇ 21ರಂದು ಅದು ಯುಸಿ-56ರ ಮೇಲೆ ಡೆಪ್ತ್ ಚಾರ್ಜ್ ಬಿಟ್ಟಿತು. ಸ್ಫೋಟ ಎಷ್ಟು ಜೋರಾಗಿತ್ತೆಂದರೆ ಹಡಗಿನ ಡೆಕ್ಕಿನ ಮೇಲಿದ್ದ ಬೇರೆ ಡೆಪ್ತ್ ಚಾರ್ಜ್‌ಗಳು ಕಟ್ಟು ಕಳಚಿ ಉರುಳತೊಡಗಿದವು. ಡೇನಿಯಲ್ ಸಲಿವನ್ ಎಂಬ ತರುಣ ಅಧಿಕಾರಿ ಅವುಗಳ ಮೇಲೆಯೇ ಬಿದ್ದು, ಹಿಡಿದು ಕಟ್ಟಿಹಾಕಿದ. ಅವನಿಗೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಸಿಕ್ಕಿತು. ಏಟು ತಿಂದ ಸಬ್‌ಮರೀನ್ ಸ್ಪೇನಿನ ಸಾಂತಾಂದೇರ್ ಬಂದರಿಗೆ ಕುಂಟುತ್ತ ಹೋಗಿ ಯುದ್ಧ ಮುಗಿಯುವವರೆಗೆ ಅಲ್ಲೇ ಬಂಧಿಯಾಯಿತು. ಗಮನಿಸಿ, ಸಲಿವನ್ ಹೋರಾಡಿದ್ದು ಶತ್ರುವಿನ ಗುಂಡಿನ ಜತೆಗಲ್ಲ, ತನ್ನದೇ ಹಡಗಿಗೆ ಹೊರಿಸಿದ್ದ ಭಾರದ ಜತೆ.

ಎರಡನೇ ಮಹಾಯುದ್ಧದಲ್ಲಿ ಮರದ ಬೋಟಿಗೆ ಹೊಸ ಬೆಲೆ ಬಂತು. 1939ರ ಕೊನೆಯಲ್ಲಿ ಜರ್ಮನ್ನರು ಕಬ್ಬಿಣದ ಹಡಗು ಮೇಲೆ ಹಾದರೆ ಅದರ ಕಾಂತಶಕ್ತಿಗೆ ಸಿಡಿಯುವ ಮೈನ್‌ಗಳನ್ನು ಬ್ರಿಟನ್ನಿನ ಸುತ್ತ ಬಿತ್ತಿದರು. ಮರದ ಬೋಟಿಗೆ ಅದರಿಂದ ಅಪಾಯ ಕಡಿಮೆ. 1940ರ ಮೇ 14ರಂದು ಬಿಬಿಸಿ ರೇಡಿಯೊದಲ್ಲಿ ಪ್ರಕಟಣೆ ಬಂತು: 30ರಿಂದ 100 ಅಡಿ ಉದ್ದದ, ಸ್ವಂತ ಇಂಜಿನ್ನಿನ ಬೋಟು ಇದ್ದವರು 14 ದಿನದೊಳಗೆ ನೌಕಾ ಇಲಾಖೆಗೆ ವಿವರ ಕಳಿಸಿ. ಎರಡು ವಾರ ಕಳೆಯುವ ಮೊದಲೇ ಫ್ರಾನ್ಸಿನ ಡನ್‌ಕರ್ಕ್‌ನಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಸಮುದ್ರ ದಾಟಿಸಿ ಕರೆತರುವ ಕೆಲಸ ಬಂತು, ಆ ಪಟ್ಟಿ ಬೇರೆ ಕೆಲಸಕ್ಕೇ ಉಪಯೋಗವಾಯಿತು. ‘ಟೈಟಾನಿಕ್’ ಮುಳುಗಿದಾಗ ಬದುಕಿ ಬಂದ ಅಧಿಕಾರಿ ಚಾರ್ಲ್ಸ್ ಲೈಟೋಲರ್ ತಮ್ಮ 58 ಅಡಿಯ ‘ಸನ್‌ಡೌನರ್’ನಲ್ಲಿ ಸುಮಾರು 130 ಜನರನ್ನು ತುಂಬಿಕೊಂಡು ಬಂದರು. ಆಗ ಅವರಿಗೆ 66 ವರ್ಷ. ಡನ್‌ಕರ್ಕ್ ಕಥೆ ಎಲ್ಲರೂ ಹೇಳುತ್ತಾರೆ, ಬಿಡಿ. ನನಗೆ ಮರೆಯಲಾಗದ್ದು ‘ಕ್ಯಾಂಪಿಯಡೋರ್ ಐದು’.

ಅದೂ ಖಾಸಗಿ ಮೋಟಾರ್ ನೌಕೆ. ಮಾಲೀಕ ವರ್ನನ್ ಮ್ಯಾಕ್‌ಆಂಡ್ರೂ ನೌಕೆಯನ್ನು ಕೊಟ್ಟದ್ದು ಮಾತ್ರವಲ್ಲ, ತಾನೂ ಅಧಿಕಾರಿಯಾಗಿ ಅದರಲ್ಲೇ ಹೋದ. ಕಮಾಂಡರ್ ಡೇವಿ ನಾಯಕ. ಜತೆಗೆ ನೌಕಾಪಡೆಯಲ್ಲಿ ವೈದ್ಯರಾಗಿ ರಿಯರ್ ಅಡ್ಮಿರಲ್ ಹುದ್ದೆವರೆಗೆ ಏರಿ ನಿವೃತ್ತರಾದ ಜಾನ್ ಮ್ಯೂರ್, ಈಗ ಇಲ್ಲಿ ಕೆಳಗಿನ ದರ್ಜೆಯ ಅಧಿಕಾರಿ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರು ಪೋರ್ಟ್ಸ್‌ಮತ್ ಆಚೆ ಗಸ್ತು ತಿರುಗುತ್ತಿದ್ದರು. 1940ರ ಜೂನ್ 22ರಂದು ಮೈನ್ ತಗುಲಿ ನೌಕೆ ಒಡೆಯಿತು. ಮೂವರೂ ಹೋದರು.

ಅದೇ ಕಾಲದಲ್ಲಿ ಥೇಮ್ಸ್ ನದಿಯ ಮೇಲ್ಭಾಗದಲ್ಲಿ ‘ಅಪ್ಪರ್ ಥೇಮ್ಸ್ ಪಟ್ರೋಲ್’ ಎಂಬ ದಳವಿತ್ತು, ತಮ್ಮ ಬೋಟುಗಳಲ್ಲಿ ಸೇತುವೆ ಕಾಯುವವರು. ದಳದ ಮೂರು ಮೊದಲಕ್ಷರಗಳನ್ನು ಜನ ‘ಅಪ್ ದ ಪಬ್’ ಎಂದು ಓದುತ್ತಿದ್ದರು, ಹೆಂಡದಂಗಡಿ ಕಡೆ ಹೊರಟವರು ಎಂದು. ಗಸ್ತು ಎಂದರೆ ಎಲ್ಲ ಕಡೆ ಒಂದೇ ತೂಕವಲ್ಲ.

ಕೆನಡಾದವರು ಮಾಡಿದ್ದು ಒಳ್ಳೆ ಚಾಲಾಕಿ. 1940ರಲ್ಲಿ ಅವರಿಗೆ ನೌಕೆ ಬೇಕು, ತಟಸ್ಥ ಅಮೆರಿಕ ಯುದ್ಧ ಮಾಡುವ ದೇಶಕ್ಕೆ ಮಾರುವ ಹಾಗಿಲ್ಲ. ಸರಿ, ಕೆನಡಾದ ಹಣವಂತ ಹವ್ಯಾಸಿಗಳು ‘ನಮ್ಮ ಸ್ವಂತ ಮೋಜಿಗೆ’ ಎಂದು ಅಮೆರಿಕಕ್ಕೆ ಹೋಗಿ ವಿಹಾರ ನೌಕೆಗಳನ್ನು ಕೊಂಡರು. ಮನೆ ಮುಟ್ಟಿದ ಮೇಲೆ ಅವರ ಸರ್ಕಾರ ‘ವಶಪಡಿಸಿಕೊಂಡಿತು’. ಹೀಗೆ ಬಂದ 14 ನೌಕೆಗಳಿಗೆ ಪ್ರಾಣಿಗಳ ಹೆಸರು: ಬೀವರ್, ಮೂಸ್, ಗ್ರಿಜ್ಲಿ, ತೋಳ. ‘ಆಟರ್’ 1941ರ ಮಾರ್ಚ್‌ನಲ್ಲಿ ಹ್ಯಾಲಿಫ್ಯಾಕ್ಸ್ ಆಚೆ ಬೆಂಕಿಗೆ ಆಹುತಿಯಾಯಿತು. ‘ರಕೂನ್’ 1942ರ ಸೆಪ್ಟೆಂಬರ್ 7ರಂದು ಸೇಂಟ್ ಲಾರೆನ್ಸ್‌ನಲ್ಲಿ ಯು-165ಕ್ಕೆ ಸಿಕ್ಕಿತು. ಅದರಲ್ಲಿದ್ದ 37 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ನಮ್ಮ ದೇಶ. ಉತ್ತರಕ್ಕೆ ಮೊದಲು ಒಂದು ವಿಷಯ ಹೇಳಬೇಕು. ಬೋಟಿನ ರೂಪ ಬದಲಾಯಿಸಿದವರೆಲ್ಲ ಎಡವಿದ್ದು ಒಂದೇ ಕಡೆ: ಇದು ನಮ್ಮ ಬೋಟು ಎಂದು ನಮ್ಮವರಿಗೇ ಗೊತ್ತಾಗುವುದು ಹೇಗೆ? ಯುದ್ಧನೌಕೆಯ ಆಕಾರ ಎಲ್ಲರಿಗೂ ಪರಿಚಿತ. ಸಣ್ಣ ಬೋಟು ಕತ್ತಲಲ್ಲಿ, ಮಂಜಿನಲ್ಲಿ ಏನು ಬೇಕಾದರೂ ಆಗಿ ಕಾಣಬಹುದು. 1918ರ ಆಗಸ್ಟ್ 27ರಂದು ಲಾಂಗ್ ಐಲೆಂಡ್ ಆಚೆ ಅಮೆರಿಕದ ಸರಕು ಹಡಗೊಂದು ತನ್ನ ದೇಶದ್ದೇ ಚೇಸರ್ ಎಸ್‌ಸಿ-209 ಅನ್ನು ಸಬ್‌ಮರೀನ್ ಎಂದುಕೊಂಡು ಹೊಡೆದು ಮುಳುಗಿಸಿತು.

ನಮ್ಮ ಸಮುದ್ರದಲ್ಲೂ ಇದೇ ಆಯಿತು. ಎರಡನೇ ಮಹಾಯುದ್ಧದಲ್ಲಿ ಆಗಿನ ರಾಯಲ್ ಇಂಡಿಯನ್ ನೇವಿ ಕರಾವಳಿಯ ಸಣ್ಣ ಹಡಗುಗಳನ್ನು ಪಡೆದು, ಶಸ್ತ್ರ ಕೂರಿಸಿ ಗಸ್ತಿಗೆ ಹಚ್ಚಿತ್ತು. ಅದರಲ್ಲೊಂದು ‘ಪ್ರಭಾವತಿ’. 1941ರ ಡಿಸೆಂಬರ್ 8ರ ರಾತ್ರಿ, ಪರ್ಲ್ ಹಾರ್ಬರ್ ದಾಳಿಯ ಮಾರನೇ ದಿನ, ಎಲ್ಲರ ಕೈಯೂ ಟ್ರಿಗರ್ ಮೇಲೆ. ಪ್ರಭಾವತಿ ನಮ್ಮ ಪಶ್ಚಿಮ ಕರಾವಳಿಯಾಚೆ ಸರಕಿನ ದೋಣಿಗಳನ್ನು ಎಳೆದುಕೊಂಡು ಕರಾಚಿ ಕಡೆ ಹೊರಟಿತ್ತು. ಬ್ರಿಟಿಷ್ ಕ್ರೂಸರ್ ‘ಗ್ಲಾಸ್ಗೊ’ ಅದನ್ನು ಜಪಾನಿನ ಸಬ್‌ಮರೀನ್ ಎಂದುಕೊಂಡಿತು. ದೊಡ್ಡ ಫಿರಂಗಿಗಳಿಂದ ಹೊಡೆದು ಮುಳುಗಿಸಿತು. ಬದುಕುಳಿದವರನ್ನು ಎತ್ತಿಕೊಂಡದ್ದೂ ಅದೇ ಗ್ಲಾಸ್ಗೊ.

ಮೂವತ್ತು ವರ್ಷದ ನಂತರ, 1971. ಪಾಕಿಸ್ತಾನದ ವಿರುದ್ಧ ಹೋರಾಡುತ್ತಿದ್ದ ಬಾಂಗ್ಲಾದ ಮುಕ್ತಿ ವಾಹಿನಿಗೆ ನೌಕೆಗಳಿರಲಿಲ್ಲ. ಕಲ್ಕತ್ತಾ ಬಂದರು ಟ್ರಸ್ಟಿನ ಎರಡು ಬೋಟುಗಳನ್ನು ಗಾರ್ಡನ್ ರೀಚ್‌ನಲ್ಲಿ ರಿಪೇರಿ ಮಾಡಿಸಿ, ಬಲಪಡಿಸಿ, 40 ಮಿಲಿಮೀಟರಿನ ಬೋಫೋರ್ಸ್ ತುಪಾಕಿ ಕೂರಿಸಿದರು. ಒಂದು ‘ಪದ್ಮಾ’, ಇನ್ನೊಂದು ‘ಪಲಾಶ್’. ಇವು ಖಾಸಗಿಯವಲ್ಲ, ಆದರೆ ಬಂದರಿನ ಕೂಲಿ ಬೋಟುಗಳು. ಭಾರತದ ನೌಕಾಪಡೆಯ ‘ಪನ್ವೇಲ್’ ಜತೆ ಕಮಾಂಡರ್ ಎಂ. ಎನ್. ಆರ್. ಸಾಮಂತ್ ಅವರ ನೇತೃತ್ವದಲ್ಲಿ ಇವು ಮೊಂಗ್ಲಾ ದಾಟಿ ಖುಲ್ನಾ ಕಡೆ ನದಿಯಲ್ಲಿ ಹೋದವು. ಡಿಸೆಂಬರ್ 10ರಂದು ಆಕಾಶದಲ್ಲಿ ಬಂದದ್ದು ಭಾರತದ್ದೇ ವಿಮಾನಗಳು. ಗುರುತಿಗೆಂದು ಮಾಡಿನ ಮೇಲೆ ಹಳದಿ ಬಟ್ಟೆ ಹರವಿದ್ದರೂ ಪ್ರಯೋಜನವಾಗಲಿಲ್ಲ. ಪದ್ಮಾ, ಪಲಾಶ್ ಎರಡೂ ಹೋದವು. ಪಲಾಶ್‌ನ ಇಂಜಿನ್ ಕೋಣೆಯಲ್ಲಿದ್ದ ರುಹುಲ್ ಅಮೀನ್ ಬೋಟು ಬಿಡಲು ಒಪ್ಪದೆ ಕೊನೆತನಕ ಹೆಣಗಿದರು, ಅವತ್ತೇ ಪ್ರಾಣ ಬಿಟ್ಟರು. ಬಾಂಗ್ಲಾದೇಶದ ಅತ್ಯುನ್ನತ ಪದಕ ‘ಬೀರ ಶ್ರೇಷ್ಠ’ ಪಡೆದ ಏಳು ಜನರಲ್ಲಿ ಅವರೊಬ್ಬರು.

ಯುದ್ಧವಿಲ್ಲದ ಕಾಲದಲ್ಲೂ ಇದು ನಡೆದಿದೆ. 1993ರ ಮುಂಬಯಿ ಸ್ಫೋಟಗಳ ನಂತರ ಶುರುವಾದ ‘ಆಪರೇಷನ್ ಸ್ವಾನ್’ನಲ್ಲಿ ಮಹಾರಾಷ್ಟ್ರ, ಗುಜರಾತ್ ಕರೆಯ ಹತ್ತಿರದ ಗಸ್ತಿಗೆ ಬಾಡಿಗೆ ಟ್ರಾಲರ್‌ಗಳನ್ನು ಬಳಸಿದರು. ನಮ್ಮ ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರ ಹತ್ತಿರ ಈಗ ಅದಕ್ಕೆಂದೇ ಕಟ್ಟಿಸಿದ ಬೋಟುಗಳಿವೆ. ಮೀನುಗಾರರಿಂದ ಅವರು ಕೇಳುವುದು ಬೋಟನ್ನಲ್ಲ. ಅನುಮಾನದ ಬೋಟು ಕಂಡರೆ ಫೋನ್ ಮಾಡಿ ಎನ್ನುತ್ತಾರೆ. ಕಣ್ಣು ಕೇಳುತ್ತಾರೆ, ಅಷ್ಟೇ. 2008ರ ನಂತರ ರಾಜ್ಯಕ್ಕೊಂದು ಬಣ್ಣ ಬಂತು. ಊರಿಗೆ ಹೋದಾಗ ಬೋಟಿನ ಮೂತಿಯ ಮೇಲೆ ನೋಡಿ, ‘ಐಎನ್‌ಡಿ-ಕೆಎ’ ಎಂದು ಶುರುವಾಗುವ ನಂಬರು ಇರುತ್ತದೆ. ನಿಮ್ಮ ಫೋಟೋದ ಎಸ್.ಪಿ. ನಂಬರಿನ ದೂರದ ತಮ್ಮ.

ನಿಮ್ಮ ಬೋಟಿನ ಗುರುತು ಹಿಡಿಯುವುದು ಕಷ್ಟವಿಲ್ಲ. ವಾಷಿಂಗ್ಟನ್‌ನಲ್ಲಿರುವ ನೌಕಾ ಇತಿಹಾಸ ಇಲಾಖೆಯವರ ಹತ್ತಿರ ಎಸ್.ಪಿ. ನಂಬರಿನ ಪ್ರಕಾರವೇ ಫೋಟೋಗಳಿವೆ. ಕೊನೆಯ ಅಂಕಿ ಅಳಿಸಿದ್ದರೆ ಹತ್ತು ಬೋಟು ನೋಡಬೇಕು, ಅಷ್ಟೇ ತಾನೆ? ಕ್ಯಾಬಿನ್ ಕಿಟಕಿ ಎಷ್ಟು, ಕಂಬ ಎಲ್ಲಿ, ಮೂತಿ ನೇರವೋ ಬಾಗಿದೆಯೋ, ಇವನ್ನು ಹೋಲಿಸಿ. ತುಪಾಕಿಯನ್ನು ನಂಬಬೇಡಿ, ಅದನ್ನು ಆಗಾಗ ಬದಲಿಸುತ್ತಿದ್ದರು. ಪರದೆಯನ್ನೂ ನಂಬಬೇಡಿ. ಅದು ಇರುವುದರಿಂದ ಫೋಟೋ ಬೋಟು ಸೇರಿಕೊಂಡ ಹೊಸತರಲ್ಲೇ ತೆಗೆದದ್ದು ಎಂದು ಮಾತ್ರ ನನ್ನ ಊಹೆ.

ಬೋಟು ಈಗ ಎಲ್ಲೋ ಇರಬಹುದು ಎಂಬ ಆಸೆ ಬೇಡ. ಯುದ್ಧ ಮುಗಿದ ಮೇಲೆ ಹಿಂದಿರುಗಿಸಿದರು ಅಥವಾ ಹರಾಜು ಹಾಕಿದರು, ಮರದ ಬೋಟಿಗೆ ನೂರು ವರ್ಷ ತುಂಬಾ ದೊಡ್ಡದು. ಆದರೆ ಆ ಪಟ್ಟಿಯ ಒಂದು ನೌಕೆಯನ್ನು ನೀವು ಕಣ್ಣಾರೆ ನೋಡಬಹುದು. ಎಸ್.ಪಿ.-192, ‘ಸೇಚೆಮ್’. ಮೋಟಾರ್ ಬೋಟಲ್ಲ, 1902ರಲ್ಲಿ ಕಟ್ಟಿದ ಉಕ್ಕಿನ ಉಗಿ ನೌಕೆ, ಅದಕ್ಕೇ ಉಳಿದಿದೆ. ಮೊದಲ ಯುದ್ಧದಲ್ಲಿ ಥಾಮಸ್ ಎಡಿಸನ್ ಅದರಲ್ಲಿ ಸಬ್‌ಮರೀನ್ ವಿರುದ್ಧದ ಪ್ರಯೋಗಗಳನ್ನು ಮಾಡಿದರು. ಆಮೇಲೆ ಗಾಳ ಹಾಕುವವರ ಹಡಗಾಯಿತು, ಎರಡನೇ ಯುದ್ಧದಲ್ಲಿ ‘ಫೆನಕೈಟ್’ ಎಂಬ ಹೆಸರಲ್ಲಿ ಮತ್ತೆ ನೌಕಾಪಡೆ ಸೇರಿತು, ನಂತರ ವರ್ಷಗಟ್ಟಲೆ ನ್ಯೂಯಾರ್ಕ್‌ನಲ್ಲಿ ಪ್ರವಾಸಿಗರನ್ನು ಮ್ಯಾನ್‌ಹಟನ್ ಸುತ್ತ ತಿರುಗಿಸಿತು. ಈಗ ಕೆಂಟಕಿ ರಾಜ್ಯದ ಪೀಟರ್ಸ್‌ಬರ್ಗ್ ಹತ್ತಿರ, ಓಹಾಯೊ ನದಿಗೆ ಸೇರುವ ಒಂದು ಹಳ್ಳದಲ್ಲಿ ತುಕ್ಕು ಹಿಡಿದು ನಿಂತಿದೆ, ಸುತ್ತ ಮರ ಬೆಳೆದಿವೆ. ದಡದ ಜಮೀನು ಖಾಸಗಿಯವರದು, ಹಾಗಾಗಿ ಜನ ಸಣ್ಣ ದೋಣಿಯಲ್ಲಿ ನದಿ ಕಡೆಯಿಂದ ಹೋಗಿ ನೋಡಿ ಬರುತ್ತಾರೆ. ಸಿನ್ಸಿನಾಟಿಗೆ ಹೋಗುವ ಕೆಲಸ ಬಿದ್ದರೆ ಅರ್ಧ ದಿನ ಜಾಸ್ತಿ ಇಟ್ಟುಕೊಳ್ಳಿ.